ಮೆಕಾಂಗ್ ದಾಟಿದವರ ಪಾಡು

ಆಗ್ನೇಯ ಏಷ್ಯಾದ ದೇಶಗಳಲ್ಲಿ ಸರ್ಕಾರದ ವಿರುದ್ಧ ಮಾತನಾಡಿ ಜೈಲಿನ ಭಯ ಎದುರಾದವರು ಮೊದಲು ಓಡಿಹೋಗುವುದು ಪಕ್ಕದ ದೇಶಕ್ಕೆ. ಥಾಯ್ಲೆಂಡಿನವರು ಲಾವೋಸ್ ಅಥವಾ ಕಾಂಬೋಡಿಯಾಕ್ಕೆ ಹೋಗುತ್ತಾರೆ. ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂಗಳಿಂದ ತಪ್ಪಿಸಿಕೊಂಡವರು ಥಾಯ್ಲೆಂಡಿಗೆ ಬರುತ್ತಾರೆ. ದಶಕಗಳ ಕಾಲ ಈ ಹೋಗಿಬರುವ ದಾರಿ ಒಂದು ಮಟ್ಟಿಗೆ ಸುರಕ್ಷಿತವಾಗಿತ್ತು. 2014ರ ನಂತರ ಅದು ಕುಸಿಯಿತು. ನೆರೆಯ ದೇಶದಲ್ಲಿ ತಲೆಮರೆಸಿಕೊಂಡವರು ಹಾಡಹಗಲೇ ಅಪಹರಣಕ್ಕೊಳಗಾದರು, ಕೆಲವರು ಶವವಾಗಿ ಸಿಕ್ಕರು, ಹಲವರನ್ನು ವಲಸೆ ಕಾನೂನಿನ ಹೆಸರಿನಲ್ಲಿ ಹಿಡಿದು ಅವರ ಸರ್ಕಾರಗಳ ಕೈಗೇ ಒಪ್ಪಿಸಲಾಯಿತು. ಇನ್ನು ಕೆಲವರ ಸುಳಿವೇ ಇಲ್ಲ.

ಯುರೋಪಿಗೋ ಅಮೆರಿಕಕ್ಕೋ ಹೋಗದೆ ಇವರು ಪಕ್ಕದ ದೇಶವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣಗಳು ಸರಳ. ಬಂಧನದ ವಾರಂಟ್ ಹೊರಟಾಗ ವೀಸಾಕ್ಕೆ ಅರ್ಜಿ ಹಾಕಿ ಕಾಯುವಷ್ಟು ಸಮಯ ಇರುವುದಿಲ್ಲ. ಮೆಕಾಂಗ್ ನದಿಯನ್ನು ದೋಣಿಯಲ್ಲಿ ದಾಟಲು ಪಾಸ್‌ಪೋರ್ಟ್ ಬೇಡ. ಥಾಯ್ ಮತ್ತು ಲಾವೋ ಭಾಷೆಗಳು ಒಂದೇ ಬುಡದವು. ಈಶಾನ್ಯ ಥಾಯ್ಲೆಂಡಿನ ಇಸಾನ್ ಪ್ರದೇಶದವರಿಗಂತೂ ಲಾವೋಸ್‌ನಲ್ಲಿ ಊಟ, ಮಾತು, ನಂಟಸ್ತಿಕೆ ಯಾವುದೂ ಹೊಸದಲ್ಲ. ಊರಿನ ಸುದ್ದಿ ತಿಳಿಯುತ್ತಿರುತ್ತದೆ, ಮನೆಯವರು ಬಂದು ನೋಡಿ ಹೋಗಬಹುದು. ರಾಜಕೀಯ ಕೆಲಸವನ್ನೂ ಬಿಡಬೇಕಾಗಿಲ್ಲ. ಲಾವೋಸ್‌ಗೆ ಹೋದ ಥಾಯ್ ಕಾರ್ಯಕರ್ತರು ಅಲ್ಲಿಂದಲೇ ಯೂಟ್ಯೂಬ್ ಮತ್ತು ಇಂಟರ್ನೆಟ್ ರೇಡಿಯೋ ಮೂಲಕ ತಾಯ್ನಾಡಿನ ಶ್ರೋತೃಗಳನ್ನು ತಲುಪುತ್ತಿದ್ದರು. ಬ್ಯಾಂಕಾಕ್‌ಗೆ ಬರುವವರಿಗೆ ಇನ್ನೊಂದು ಆಕರ್ಷಣೆಯಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಅಲ್ಲಿದೆ. ಅಲ್ಲಿ ಹೆಸರು ನೋಂದಾಯಿಸಿದರೆ ಮುಂದೆ ಮೂರನೆಯ ದೇಶವೊಂದರಲ್ಲಿ ನೆಲೆ ಸಿಗಬಹುದೆಂಬ ಆಸೆ ಅವರದು.

ಇಂಥ ಆಶ್ರಯದ ಋಣ ಈ ದೇಶಗಳ ಆಳುವ ಪಕ್ಷಗಳ ಮೇಲೂ ಇದೆ. ಹೋ ಚಿ ಮಿನ್ 1928 ಮತ್ತು 1929ರಲ್ಲಿ ಅಂದಿನ ಸಯಾಮಿನ ಈಶಾನ್ಯ ಭಾಗದಲ್ಲಿ, ವಿಯೆಟ್ನಾಮೀ ವಲಸಿಗರ ನಡುವೆ ವೇಷ ಮರೆಸಿಕೊಂಡು ಬಾಳಿದರು. ನಾಖೋನ್ ಫನೋಮ್ ಬಳಿಯ ನಾ ಚೋಕ್ ಹಳ್ಳಿಯಲ್ಲಿ ಅವರಿದ್ದ ಮನೆಯ ಜಾಗ ಇಂದು ಸ್ಮಾರಕ. ನದಿಯ ಆಚೆ ದಡ ಫ್ರೆಂಚರ ವಶದಲ್ಲಿತ್ತು, ಮತ್ತು 1929ರಲ್ಲಿ ವಸಾಹತು ನ್ಯಾಯಾಲಯವೊಂದು ಅವರಿಗೆ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತ್ತು. 1931ರಲ್ಲಿ ಅವರು ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿಬಿದ್ದಾಗ ಫ್ರೆಂಚರು ಅವರನ್ನು ಪಡೆಯಲು ಕಾದು ಕುಳಿತಿದ್ದರು. ಫ್ರಾಂಕ್ ಲೋಸ್ಬಿ ಎಂಬ ಬ್ರಿಟಿಷ್ ವಕೀಲ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ, ಪ್ರಕರಣವನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಒಯ್ದರು. ಕೊನೆಗೆ ಹೋ ಅವರು ಫ್ರೆಂಚರ ಕೈಗೆ ಸಿಗದೆ ಹೊರಬಿದ್ದರು. ಒಬ್ಬ ಭಿನ್ನಮತೀಯನನ್ನು ಅವನನ್ನು ಕೊಲ್ಲಲು ಕಾದಿರುವ ಸರ್ಕಾರಕ್ಕೆ ಒಪ್ಪಿಸಬಾರದೆಂಬ ನಿಯಮದಿಂದಲೇ ಇಂದಿನ ವಿಯೆಟ್ನಾಂ ಗಣರಾಜ್ಯದ ಸಂಸ್ಥಾಪಕ ಬದುಕುಳಿದದ್ದು.

ಕಾಂಬೋಡಿಯಾದ ಹುನ್ ಸೆನ್ ಅವರ ಕಥೆಯೂ ಇಂಥದ್ದೇ. ಅಂದು ದೇಶವನ್ನು ಆಳುತ್ತಿದ್ದ ಖ್ಮೇರ್ ರೂಜ್‌ನ ಸೇನೆಯಲ್ಲಿ ಅಧಿಕಾರಿಯಾಗಿದ್ದ ಅವರು ಆಂತರಿಕ ಶುದ್ಧೀಕರಣದ ಕೊಲೆಗಳು ತಮ್ಮ ಹತ್ತಿರಕ್ಕೂ ಬಂದಾಗ 1977ರ ಜೂನ್‌ನಲ್ಲಿ ಗಡಿ ದಾಟಿ ವಿಯೆಟ್ನಾಂಗೆ ಓಡಿದರು. ವಿಯೆಟ್ನಾಂ ಅವರನ್ನು ಹಿಂದಕ್ಕೆ ಕಳಿಸಲಿಲ್ಲ. ಕಳಿಸಿದ್ದರೆ ಅವರು ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಪ್ರಧಾನಿಯಾಗಿರಲು ಉಳಿಯುತ್ತಲೇ ಇರಲಿಲ್ಲ. 2009ರ ನವೆಂಬರ್‌ನಲ್ಲಿ ಇದೇ ಹುನ್ ಸೆನ್, ಥಾಯ್ಲೆಂಡಿನಿಂದ ಪಲಾಯನ ಮಾಡಿದ್ದ ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರರನ್ನು ತಮ್ಮ ಸರ್ಕಾರದ ಆರ್ಥಿಕ ಸಲಹೆಗಾರರನ್ನಾಗಿ ನೇಮಿಸಿಕೊಂಡರು. ಥಾಕ್ಸಿನ್‌ರನ್ನು ಹಸ್ತಾಂತರಿಸಿ ಎಂದು ಥಾಯ್ಲೆಂಡ್ ಅಧಿಕೃತವಾಗಿ ಕೇಳಿದಾಗ, ಅವರ ಮೇಲಿನ ಪ್ರಕರಣ ರಾಜಕೀಯ ಪ್ರೇರಿತ ಎಂದು ಹೇಳಿ ನಿರಾಕರಿಸಿದರು. ಎರಡೂ ದೇಶಗಳು ತಮ್ಮ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡವು. ರಾಜಕೀಯ ಕಾರಣಕ್ಕೆ ಬೇಕಾದವರನ್ನು ಒಪ್ಪಿಸಬಾರದು ಎಂಬ ನಿಯಮ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿದ್ದ ಸರ್ಕಾರಕ್ಕೆ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ತನಗೆ ಬೇಕಾದವರಿಗಷ್ಟೇ ಅದನ್ನು ಅನ್ವಯಿಸಿತು.

2014ರ ಮೇ 22ರಂದು ಥಾಯ್ಲೆಂಡಿನಲ್ಲಿ ಸೇನಾ ಕ್ರಾಂತಿ ನಡೆಯಿತು. ಸೇನಾಡಳಿತ ನೂರಾರು ರಾಜಕಾರಣಿಗಳು, ಪ್ರಾಧ್ಯಾಪಕರು, ಪತ್ರಕರ್ತರು, ಕಾರ್ಯಕರ್ತರಿಗೆ ತನ್ನ ಮುಂದೆ ಹಾಜರಾಗಲು ಆದೇಶಿಸಿತು. ಹಾಜರಾಗದವರ ಮೇಲೆ ವಾರಂಟ್ ಹೊರಟವು. ಅರಸೊತ್ತಿಗೆಯ ಟೀಕೆಯನ್ನು ಅಪರಾಧವಾಗಿಸುವ ದಂಡಸಂಹಿತೆಯ 112ನೇ ವಿಧಿಯಡಿ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ಹತ್ತು ಪೋಸ್ಟ್ ಬರೆದವನಿಗೆ ಹತ್ತು ಆರೋಪ ಹೊರಿಸಬಹುದು. ಹೀಗಾಗಿ ಅನೇಕರು ದೇಶ ಬಿಟ್ಟರು. ಹಣ, ಸಂಪರ್ಕ ಇದ್ದವರು ಫ್ರಾನ್ಸ್, ಅಮೆರಿಕ, ಜಪಾನ್ ಸೇರಿದರು. ಉಳಿದವರು ನದಿ ದಾಟಿದರು.

ಮೊದಲ ಕಣ್ಮರೆ 2016ರಲ್ಲಿ ಲಾವೋಸ್‌ನಲ್ಲಿ. ಇಂಟರ್ನೆಟ್ ರೇಡಿಯೋದಲ್ಲಿ ಮಾತನಾಡುತ್ತಿದ್ದ ಇತ್ತಿಪೋಲ್ ಸುಖ್‌ಪೇನ್ ಕಾಣೆಯಾದರು. 2017ರ ಜುಲೈನಲ್ಲಿ ಕೋ ತೀ ಎಂದೇ ಪರಿಚಿತರಾಗಿದ್ದ ವುತ್ತಿಪೋಂಗ್ ಅವರನ್ನು ಕಪ್ಪು ಬಟ್ಟೆ ತೊಟ್ಟ ಶಸ್ತ್ರಧಾರಿಗಳು ಹೊತ್ತೊಯ್ದರು. 2018ರ ಡಿಸೆಂಬರ್‌ನಲ್ಲಿ ನಡೆದದ್ದು ಎಲ್ಲಕ್ಕಿಂತ ಭೀಕರ. ಸುರಚಾಯ್ ದನ್‌ವತ್ತನಾನುಸೋರ್ನ್ ಎಪ್ಪತ್ತು ದಾಟಿದ ಹಿರಿಯರು. ಥಾಯ್ ಕಮ್ಯುನಿಸ್ಟ್ ಪಕ್ಷದ ಗೆರಿಲ್ಲಾ ಆಗಿದ್ದವರು, ಒಮ್ಮೆ ಮರಣದಂಡನೆಗೂ ಗುರಿಯಾಗಿ ದೀರ್ಘ ಕಾಲ ಜೈಲಿನಲ್ಲಿದ್ದು ಹೊರಬಂದವರು, ಅರಸೊತ್ತಿಗೆಯ ಟೀಕೆಗಾಗಿ ಮತ್ತೆ ಜೈಲು ಕಂಡವರು. ಅವರೂ ಅವರ ಇಬ್ಬರು ಜೊತೆಗಾರರಾದ ಚಟ್‌ಚಾನ್ ಮತ್ತು ಕ್ರೈದೇಜ್ ಅವರೂ ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನ ಬಾಡಿಗೆ ಮನೆಯಿಂದ ಕಾಣೆಯಾದರು. ಕೆಲವೇ ದಿನಗಳಲ್ಲಿ ಮೆಕಾಂಗ್‌ನ ಥಾಯ್ ದಡದಲ್ಲಿ, ನಾಖೋನ್ ಫನೋಮ್ ಪ್ರಾಂತ್ಯದಲ್ಲಿ, ಗೋಣಿಯಲ್ಲಿ ಸುತ್ತಿದ ಶವಗಳು ತೇಲಿ ಬಂದವು. ಕೈಕಾಲು ಕಟ್ಟಲಾಗಿತ್ತು. ಮುಖ ಜಜ್ಜಲಾಗಿತ್ತು. ಹೊಟ್ಟೆ ಸೀಳಿ, ಕರುಳು ತೆಗೆದು, ದೇಹ ಮುಳುಗಲೆಂದು ಒಳಗೆ ಕಾಂಕ್ರೀಟ್ ತುಂಬಲಾಗಿತ್ತು. 2019ರ ಜನವರಿಯಲ್ಲಿ ಡಿಎನ್‌ಎ ಪರೀಕ್ಷೆ ಎರಡು ಶವಗಳನ್ನು ಆ ಇಬ್ಬರು ಜೊತೆಗಾರರದ್ದೆಂದು ಗುರುತಿಸಿತು. ಇನ್ನೊಂದು ಶವವನ್ನೂ ನೋಡಿದ್ದಾಗಿ ಹಳ್ಳಿಗರು ಹೇಳಿದರು, ಆದರೆ ಅದು ಮತ್ತೆ ಸಿಗಲಿಲ್ಲ. ಸುರಚಾಯ್ ಏನಾದರೆಂದು ಇಂದಿಗೂ ಯಾವ ಸರ್ಕಾರವೂ ಹೇಳಿಲ್ಲ.

ಈ ಕೊಲೆಗಳ ನಂತರ ಲಾವೋಸ್‌ನಲ್ಲಿದ್ದವರು ಹೆದರಿ ಚದುರಿದರು. ಚೂಚೀಪ್, ಸಯಾಮ್ ತೀರವುತ್, ಕ್ರಿತ್ಸನ ಎಂಬ ಮೂವರು ವಿಯೆಟ್ನಾಂಗೆ ಹೋದರು. ಅಲ್ಲಿ ಅವರ ಬಂಧನವಾಯಿತೆಂದೂ 2019ರ ಮೇ 8ರಂದು ಅವರನ್ನು ಥಾಯ್ಲೆಂಡಿಗೆ ಒಪ್ಪಿಸಲಾಯಿತೆಂದೂ ಮಾನವ ಹಕ್ಕು ಸಂಘಟನೆಗಳು ವರದಿ ಮಾಡಿದವು. ತಮ್ಮ ವಶದಲ್ಲಿ ಇಲ್ಲವೆಂದು ಥಾಯ್ ಅಧಿಕಾರಿಗಳು ಹೇಳಿದರು. ಸಯಾಮ್ ಅವರ ತಾಯಿ ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದರು. ಅದೇ ತಿಂಗಳು ಮಲೇಷ್ಯಾ ಕೂಡ ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿದ್ದ ಥಾಯ್ ಮಹಿಳೆಯೊಬ್ಬರನ್ನು ಬ್ಯಾಂಕಾಕ್‌ಗೆ ಕಳಿಸಿತು. ಅಂದರೆ ಒಂದು ಬಾಗಿಲು ಮುಚ್ಚಿದಾಗ ತಟ್ಟಬಹುದಾದ ಇನ್ನೊಂದು ಬಾಗಿಲೂ ಆ ಹೊತ್ತಿಗೆ ಉಳಿದಿರಲಿಲ್ಲ.

ಒಂದು ಪ್ರಕರಣವನ್ನು ಅದು ನಡೆದ ಗಳಿಗೆಯಲ್ಲೇ ಒಬ್ಬರು ಕಿವಿಯಾರೆ ಕೇಳಿಸಿಕೊಂಡಿದ್ದಾರೆ. ವಂಚಲೆರ್ಮ್ ಸತ್‌ಸಕ್ಸಿತ್ ಥಾಯ್ಲೆಂಡಿನ ಉಬೋನ್ ರಾಚತಾನಿ ಪ್ರಾಂತ್ಯದವರು. ಯುವಜನರ ಆರೋಗ್ಯ, ಲಿಂಗ ಸಮಾನತೆಯ ವಿಷಯಗಳಲ್ಲಿ ಕೆಲಸ ಮಾಡಿದವರು. ಕ್ರಾಂತಿಯ ನಂತರ ಕಾಂಬೋಡಿಯಾಕ್ಕೆ ಹೋಗಿ, ಅಲ್ಲಿಂದ ಫೇಸ್‌ಬುಕ್‌ನಲ್ಲಿ ಸೇನಾ ನಾಯಕರನ್ನು ಗೇಲಿ ಮಾಡುತ್ತಿದ್ದರು. 2020ರ ಜೂನ್ 4ರ ಸಂಜೆ, 37 ವರ್ಷದ ಅವರು ನೋಮ್ ಪೆನ್‌ನ ತಮ್ಮ ಅಪಾರ್ಟ್‌ಮೆಂಟ್‌ನಿಂದ ಕೆಳಗಿಳಿದು, ರಸ್ತೆ ಬದಿಯಲ್ಲಿ ಮಾಂಸದ ಉಂಡೆ ಕೊಳ್ಳುತ್ತಾ ಥಾಯ್ಲೆಂಡಿನಲ್ಲಿದ್ದ ಅಕ್ಕ ಸಿತಾನನ್ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದರು. ಇದ್ದಕ್ಕಿದ್ದಂತೆ ದೊಡ್ಡ ಸದ್ದು, ಕಾಂಬೋಡಿಯಾದ ಖ್ಮೇರ್ ಭಾಷೆಯಲ್ಲಿ ಗಂಡಸರ ಕೂಗಾಟ, ಉಸಿರಾಡಲು ಆಗುತ್ತಿಲ್ಲ ಎಂಬ ತಮ್ಮನ ದನಿ ಆಕೆಗೆ ಕೇಳಿಸಿತು. ಕೆಲ ಹೊತ್ತಿನಲ್ಲಿ ಸಂಪರ್ಕ ಕಡಿಯಿತು. ಶಸ್ತ್ರಧಾರಿಗಳು ಅವರನ್ನು ಕಪ್ಪು ಕಾರಿಗೆ ತಳ್ಳಿದ್ದನ್ನು ಅಲ್ಲಿದ್ದವರು ಕಂಡಿದ್ದರು. ಸಿಸಿಟಿವಿಯಲ್ಲೂ ಕಾರು ಸೆರೆಯಾಗಿತ್ತು.

ಕಾಂಬೋಡಿಯಾ ಪೊಲೀಸರು ಮೊದಲು ಇಂಥ ಘಟನೆಯೇ ನಡೆದಿಲ್ಲ ಎಂದರು. ಆಮೇಲೆ, ಅವರ ವೀಸಾ 2017ರ ಕೊನೆಗೇ ಮುಗಿದಿತ್ತು, ದೇಶದಲ್ಲಿ ಇದ್ದದ್ದಕ್ಕೆ ದಾಖಲೆ ಇಲ್ಲ ಎಂದರು. ಆ ನಂಬರಿನ ಕಾರೇ ಇಲ್ಲ ಎಂದರು. 2020ರ ಡಿಸೆಂಬರ್‌ನಲ್ಲಿ ಸಿತಾನನ್ ಸ್ವತಃ ನೋಮ್ ಪೆನ್‌ಗೆ ಹೋಗಿ, ತಮ್ಮ ಅಲ್ಲಿ ವಾಸವಿದ್ದನೆಂಬ ಪುರಾವೆಗಳ ಕಡತವನ್ನು ನ್ಯಾಯಾಧೀಶರ ಮುಂದಿಟ್ಟು ಹೇಳಿಕೆ ಕೊಟ್ಟರು. ಅಪಹೃತನ ಅಕ್ಕ ಬೇರೆ ದೇಶದಿಂದ ಬಂದು ಸಾಕ್ಷ್ಯ ಸಂಗ್ರಹಿಸಬೇಕಾಯಿತು. ಅದು ಪೊಲೀಸರು ಮಾಡಬೇಕಿದ್ದ ಕೆಲಸ. ತನಿಖೆಯಿಂದ ಏನೂ ಹೊರಬರಲಿಲ್ಲ. ಇತ್ತ ಬ್ಯಾಂಕಾಕ್‌ನಲ್ಲಿ ಈ ಕಣ್ಮರೆ ವಿದ್ಯಾರ್ಥಿಗಳ ಸಿಟ್ಟನ್ನು ಕೆರಳಿಸಿತು, ಆ ವರ್ಷದ ದೊಡ್ಡ ಪ್ರಜಾಪ್ರಭುತ್ವ ಪ್ರತಿಭಟನೆಗಳಲ್ಲಿ ವಂಚಲೆರ್ಮ್ ಅವರ ಚಿತ್ರವಿರುವ ಫಲಕಗಳು ಎಲ್ಲೆಡೆ ಕಂಡವು. 2016ರಿಂದ ಹೀಗೆ ನೆರೆಯ ದೇಶಗಳಲ್ಲಿ ಕಣ್ಮರೆಯಾದ ಥಾಯ್ ಭಿನ್ನಮತೀಯರು ಒಂಬತ್ತು ಮಂದಿ. ಅವರಲ್ಲಿ ಇಬ್ಬರ ಶವ ಮಾತ್ರ ಸಿಕ್ಕಿದೆ.

ಗಡಿಯ ಇನ್ನೊಂದು ಕಡೆಯ ಲೆಕ್ಕವೂ ಇದೆ. ಥಾಯ್ಲೆಂಡಿನ ಭಿನ್ನಮತೀಯರು ಹೊರಗೆ ಕಾಣೆಯಾಗುತ್ತಿದ್ದ ಅದೇ ವರ್ಷಗಳಲ್ಲಿ ನೆರೆಯವರ ಭಿನ್ನಮತೀಯರು ಥಾಯ್ಲೆಂಡಿನೊಳಗೆ ಕಾಣೆಯಾದರು. ವಿಯೆಟ್ನಾಮೀ ಬ್ಲಾಗರ್ ತ್ರುವೋಂಗ್ ಝುಯ್ ನ್ಯಾತ್ ತಮ್ಮ ಬರಹಕ್ಕಾಗಿ ಈ ಮೊದಲೇ ಎರಡು ವರ್ಷ ಜೈಲಿನಲ್ಲಿದ್ದವರು. 2019ರ ಜನವರಿ 25ರಂದು ಅವರು ಬ್ಯಾಂಕಾಕ್‌ನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ ಅರ್ಜಿ ಕೊಟ್ಟರು. ಮರುದಿನ ನಗರದ ಉತ್ತರ ಭಾಗದ ಮಾಲ್ ಒಂದರ ಐಸ್‌ಕ್ರೀಂ ಅಂಗಡಿಯಿಂದ ಅವರನ್ನು ಎತ್ತೊಯ್ಯಲಾಯಿತು. ಮುಂದೆ ಅವರು ಪತ್ತೆಯಾದದ್ದು ಹನೋಯ್‌ನ ಜೈಲಿನಲ್ಲಿ. 2020ರ ಮಾರ್ಚ್‌ನಲ್ಲಿ, ಹಳೆಯ ಭೂವ್ಯವಹಾರವೊಂದರ ಆರೋಪದ ಮೇಲೆ, ಹತ್ತು ವರ್ಷ ಶಿಕ್ಷೆಯಾಯಿತು. ಇನ್ನೊಬ್ಬ ಬ್ಲಾಗರ್ ಝುವೋಂಗ್ ವಾನ್ ಥಾಯ್ 2023ರ ಏಪ್ರಿಲ್ 13ರಂದು ಬ್ಯಾಂಕಾಕ್ ಬಳಿ ಕಾಣೆಯಾದರು. ಮೂರೇ ದಿನದಲ್ಲಿ ವಿಯೆಟ್ನಾಂ ಪೊಲೀಸರು, ಅಕ್ರಮವಾಗಿ ಗಡಿ ದಾಟಿ ಬರುತ್ತಿದ್ದಾಗ ಅವರು ಸಿಕ್ಕರು ಎಂದು ಪ್ರಕಟಿಸಿದರು. ಯಾವ ದೇಶದಿಂದ ಜೀವ ಉಳಿಸಿಕೊಳ್ಳಲು ಓಡಿಬಂದಿದ್ದರೋ ಆ ದೇಶಕ್ಕೇ, ಮೂರನೆಯ ದೇಶದಲ್ಲಿ ನೆಲೆ ಸಿಗಲೆಂದು ಕಾಯುತ್ತಿರುವಾಗ, ತಾವಾಗಿಯೇ ಕಾಡುದಾರಿ ಹಿಡಿದು ಹೋದರೆಂಬುದನ್ನು ನಂಬಲು ಯಾವ ಆಧಾರವೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಅವರಿಗೆ 12 ವರ್ಷ ಶಿಕ್ಷೆಯಾಯಿತು.

ಲಾವೋಸ್‌ನವರ ಗತಿ ಇನ್ನೂ ಕಡೆ. ಏಕೆಂದರೆ ಅವರ ಬಗ್ಗೆ ಬರೆಯುವ ಪತ್ರಿಕೆಗಳೇ ಕಡಿಮೆ. ಫ್ರೀ ಲಾವೋ ಎಂಬ ಗುಂಪಿನಲ್ಲಿದ್ದ ಓದ್ ಸಯಾವೋಂಗ್ ವಿಶ್ವಸಂಸ್ಥೆಯಿಂದ ನಿರಾಶ್ರಿತರೆಂಬ ಮಾನ್ಯತೆ ಪಡೆದಿದ್ದರು. 2019ರ ಆಗಸ್ಟ್ 26ರಂದು ಬ್ಯಾಂಕಾಕ್‌ನಲ್ಲಿ ಕಾಣೆಯಾದವರು ಮತ್ತೆ ಸಿಕ್ಕಿಲ್ಲ. 2023ರ ಮೇ ತಿಂಗಳಲ್ಲಿ ಅದೇ ಗುಂಪಿನ ಬೌನ್‌ಸುವಾನ್ ಕಿತಿಯಾನೊ ಅವರನ್ನು ಉಬೋನ್ ರಾಚತಾನಿಯ ಗಡಿ ಸಮೀಪ ಗುಂಡಿಕ್ಕಿ ಕೊಲ್ಲಲಾಯಿತು.

ಕಾಂಬೋಡಿಯಾದವರ ವಿಷಯದಲ್ಲಿ ಥಾಯ್ಲೆಂಡ್ ಅಪಹರಣದ ದಾರಿಗಿಂತ ಕಾಗದಪತ್ರದ ದಾರಿಯನ್ನೇ ಹೆಚ್ಚು ಹಿಡಿಯಿತು. 2017ರ ನವೆಂಬರ್‌ನಲ್ಲಿ ಕಾಂಬೋಡಿಯಾದ ಸುಪ್ರೀಂ ಕೋರ್ಟ್ ಪ್ರಮುಖ ವಿರೋಧ ಪಕ್ಷವಾದ ಸಿಎನ್‌ಆರ್‌ಪಿಯನ್ನೇ ವಿಸರ್ಜಿಸಿತು. ಆ ಪಕ್ಷದ ಕಾರ್ಯಕರ್ತರು ಗುಂಪುಗುಂಪಾಗಿ ಥಾಯ್ಲೆಂಡಿಗೆ ಬಂದು ಕಟ್ಟಡ ಕೆಲಸ, ತೋಟದ ಕೆಲಸಗಳಲ್ಲಿ ಸೇರಿಕೊಂಡರು. ಹುನ್ ಸೆನ್ ಅವರ ಚಿತ್ರವಿದ್ದ ಫಲಕಕ್ಕೆ ಚಪ್ಪಲಿ ಎಸೆದಿದ್ದ ಸಾಮ್ ಸೋಖಾ ಎಂಬ ಮಹಿಳೆಯನ್ನು, ವಿಶ್ವಸಂಸ್ಥೆಯ ಮಾನ್ಯತೆ ಇದ್ದರೂ, 2018ರ ಫೆಬ್ರವರಿಯಲ್ಲಿ ಗಡಿ ದಾಟಿಸಲಾಯಿತು. ಅಲ್ಲಿ ಅವರು ನೇರ ಜೈಲಿಗೆ ಹೋದರು. 2021ರ ನವೆಂಬರ್‌ನಲ್ಲಿ ಇನ್ನಷ್ಟು ಕಾರ್ಯಕರ್ತರು ಹೀಗೆಯೇ ಕಾಂಬೋಡಿಯಾ ಸೇರಿದರು. 2024ರ ನವೆಂಬರ್‌ನಲ್ಲಿ ಆರು ಮಂದಿಯನ್ನು, ಅವರ ಜೊತೆ ಐದು ವರ್ಷದ ಮಗುವೊಂದನ್ನು, ಗಡಿಗೆ ಒಯ್ದು ಒಪ್ಪಿಸಲಾಯಿತು. ಆ ಆರೂ ಮಂದಿಯ ಮೇಲೆ ದೇಶದ್ರೋಹದ ಆರೋಪವಿತ್ತು, ಅದಕ್ಕೆ ಕಾರಣವಾದದ್ದು ಫೇಸ್‌ಬುಕ್ ಬರಹಗಳು.

ಈ ಒಪ್ಪಿಸುವಿಕೆ ಕಾನೂನಿನ ಮಟ್ಟದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಥಾಯ್ಲೆಂಡ್ ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. 1979ರ ಅದರ ವಲಸೆ ಕಾಯ್ದೆಯಲ್ಲಿ ನಿರಾಶ್ರಿತ ಎಂಬ ವರ್ಗವಿಲ್ಲ. ವೀಸಾ ಇಲ್ಲದೆ ಬಂದವರೆಲ್ಲ, ಕೂಲಿಗೆ ಬಂದವರಿರಲಿ ಪ್ರಾಣಭಯದಿಂದ ಓಡಿಬಂದವರಿರಲಿ, ಅಕ್ರಮ ವಲಸಿಗರು. ವಿಶ್ವಸಂಸ್ಥೆ ಕೊಡುವ ನಿರಾಶ್ರಿತರ ಕಾರ್ಡ್ ಬ್ಯಾಂಕಾಕ್‌ನ ಪೊಲೀಸ್ ಠಾಣೆಯಲ್ಲಿ ಕಾನೂನುಬದ್ಧ ರಕ್ಷಣೆ ಆಗುವುದಿಲ್ಲ. ಸಿಕ್ಕಿಬಿದ್ದವರು ಸುವಾನ್ ಫ್ಲೂ ಬೀದಿಯ ವಲಸೆ ಬಂಧನ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿಂದ ಗಡಿಗೆ ಕಳಿಸುವುದು ಆಡಳಿತಾತ್ಮಕ ಕ್ರಮ. ಹಸ್ತಾಂತರಕ್ಕಾದರೆ ನ್ಯಾಯಾಲಯದ ವಿಚಾರಣೆ ಬೇಕು, ಆರೋಪಿಗೆ ವಕೀಲರಿರುತ್ತಾರೆ, ಅಪರಾಧ ರಾಜಕೀಯ ಸ್ವರೂಪದ್ದಾದರೆ ನಿರಾಕರಿಸಲು ಅವಕಾಶವಿರುತ್ತದೆ. ವಲಸೆ ಕಾನೂನಿನಡಿ ಗಡೀಪಾರು ಮಾಡಿದರೆ ಇದ್ಯಾವುದರ ಗೊಡವೆಯಿಲ್ಲ. ಭಿನ್ನಮತೀಯರನ್ನು ಸದ್ದಿಲ್ಲದೆ ಒಪ್ಪಿಸಬೇಕೆಂದಾಗ ಸರ್ಕಾರಗಳು ವೀಸಾ ಉಲ್ಲಂಘನೆಯನ್ನು ಮುಂದೆ ಮಾಡುವುದು ಇದಕ್ಕೇ.

ಹಸ್ತಾಂತರದ ಬಾಗಿಲನ್ನೂ ಬಳಸಿದ್ದುಂಟು. ವಿಯೆಟ್ನಾಂನ ಮಧ್ಯ ಬೆಟ್ಟಪ್ರದೇಶದ ಮೊಂಟಾಗ್ನಾರ್ಡ್ ಬುಡಕಟ್ಟುಗಳ ಹಕ್ಕುಗಳಿಗೆ ದನಿಯಾಗಿದ್ದ ಇ ಕ್ವಿನ್ ಬ್ದಪ್ 2018ರಿಂದ ಥಾಯ್ಲೆಂಡಿನಲ್ಲಿದ್ದರು. 2023ರ ಜೂನ್‌ನಲ್ಲಿ ಡಾಕ್ ಲಾಕ್ ಪ್ರಾಂತ್ಯದ ಸರ್ಕಾರಿ ಕಚೇರಿಗಳ ಮೇಲೆ ನಡೆದ ದಾಳಿಯಲ್ಲಿ ಅವರ ಪಾತ್ರವಿತ್ತೆಂದು ವಿಯೆಟ್ನಾಂ ನ್ಯಾಯಾಲಯ 2024ರ ಜನವರಿಯಲ್ಲಿ ಗೈರುಹಾಜರಿಯಲ್ಲೇ ಹತ್ತು ವರ್ಷ ಶಿಕ್ಷೆ ವಿಧಿಸಿತು. ಅವರು ಆರೋಪವನ್ನು ಅಲ್ಲಗಳೆದರು. 2024ರ ಜೂನ್‌ನಲ್ಲಿ ಬ್ಯಾಂಕಾಕ್ ಪೊಲೀಸರು ಅವರನ್ನು ಬಂಧಿಸಿದರು, ಸೆಪ್ಟೆಂಬರ್ 30ರಂದು ಹಸ್ತಾಂತರಿಸಬಹುದೆಂದು ನ್ಯಾಯಾಲಯ ತೀರ್ಪಿತ್ತಿತು.

ಚಿತ್ರಹಿಂಸೆ ಅಥವಾ ಕಿರುಕುಳ ಕಾದಿರುವ ಕಡೆಗೆ ಯಾರನ್ನೂ ಮರಳಿ ತಳ್ಳಬಾರದೆಂಬುದು ಅಂತಾರಾಷ್ಟ್ರೀಯ ಕಾನೂನಿನ ಮೂಲನಿಯಮ. 1951ರ ಒಪ್ಪಂದದ 33ನೇ ವಿಧಿ ಅದನ್ನು ಹೇಳುತ್ತದೆ, ಚಿತ್ರಹಿಂಸೆ ವಿರೋಧಿ ಒಪ್ಪಂದದ 3ನೇ ವಿಧಿ ಇನ್ನೂ ಖಡಾಖಂಡಿತವಾಗಿ ಹೇಳುತ್ತದೆ. ಈ ಎರಡನೆಯ ಒಪ್ಪಂದಕ್ಕೆ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ನಾಲ್ಕೂ ಬದ್ಧ. ಹಾಗಾಗಿ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲವೆಂಬ ನೆಪ ನಿಲ್ಲುವುದಿಲ್ಲ. ಸಹಿಯಷ್ಟೇ ಯಾರನ್ನೂ ಕಾಪಾಡುವುದಿಲ್ಲ ಎಂಬುದೂ ನಿಜ. ಕಾಂಬೋಡಿಯಾ 1992ರಲ್ಲೇ 1951ರ ಒಪ್ಪಂದಕ್ಕೆ ಸೇರಿದ ದೇಶ. ಆದರೂ 2009ರ ಡಿಸೆಂಬರ್‌ನಲ್ಲಿ ಆಶ್ರಯ ಕೋರಿದ್ದ, ಚೀನಾದ ಮುಸ್ಲಿಂ ಅಲ್ಪಸಂಖ್ಯಾತರಾದ 20 ಉಯ್ಗುರ್ ಜನರನ್ನು ಚೀನಾಕ್ಕೆ ಮರಳಿ ಕಳಿಸಿತು. ಅದರ ಬೆನ್ನಲ್ಲೇ ಚೀನಾದ ಅಂದಿನ ಉಪಾಧ್ಯಕ್ಷ ಷಿ ಜಿನ್‌ಪಿಂಗ್ ನೋಮ್ ಪೆನ್‌ಗೆ ಬಂದರು, 100 ಕೋಟಿ ಡಾಲರಿಗೂ ಮೀರಿದ ನೆರವು ಮತ್ತು ಸಾಲದ ಒಪ್ಪಂದಗಳಾದವು. ಭಾರತ 1951ರ ಒಪ್ಪಂದಕ್ಕೆ ಇಂದಿಗೂ ಸೇರಿಲ್ಲ. ಹಾಗಿದ್ದೂ ಟಿಬೆಟಿನಿಂದ ಬಂದವರಿಗೆ ದಶಕಗಳಿಂದ ಬೈಲಕುಪ್ಪೆ, ಮುಂಡಗೋಡ, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿ ಜಮೀನು, ಶಾಲೆ, ಮಠ ಕಟ್ಟಿಕೊಳ್ಳಲು ಅವಕಾಶ ಸಿಕ್ಕಿದೆ. ಅದೇ ಭಾರತ 2018ರ ಅಕ್ಟೋಬರ್‌ನಲ್ಲಿ ಏಳು ಮಂದಿ ರೋಹಿಂಗ್ಯಾಗಳನ್ನು ಮ್ಯಾನ್ಮಾರ್‌ಗೆ ಕಳಿಸಿತು. ಕಾಯ್ದೆಯ ಆಸರೆಯಿಲ್ಲದೆ ಸರ್ಕಾರದ ಔದಾರ್ಯದ ಮೇಲೆ ನಿಂತ ಆಶ್ರಯ ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ತಪ್ಪುತ್ತದೆ.

ಸರ್ಕಾರಗಳು ಹೀಗೇಕೆ ಒಬ್ಬರಿಗೊಬ್ಬರು ನೆರವಾಗುತ್ತವೆ? ಒಂದು ಕಾರಣ ಆಸಿಯಾನ್ ಒಕ್ಕೂಟದ ಸಂಪ್ರದಾಯ. ಪರಸ್ಪರರ ಆಂತರಿಕ ವಿಷಯದಲ್ಲಿ ತಲೆಹಾಕಬಾರದೆಂಬುದು 1976ರ ಒಪ್ಪಂದದಿಂದಲೂ ಅದರ ಬುನಾದಿ ತತ್ವ. ದುರ್ಬಲ ದೇಶಗಳನ್ನು ದೊಡ್ಡ ಶಕ್ತಿಗಳಿಂದ ಕಾಯಲು ಹುಟ್ಟಿದ ಈ ತತ್ವವನ್ನು ಸರ್ಕಾರಗಳು ತಿರುಚಿದವು. ನಿನ್ನ ವಿರೋಧಿಗೆ ನನ್ನ ನೆಲದಲ್ಲಿ ಜಾಗ ಕೊಟ್ಟರೆ ನಿನ್ನ ವಿಷಯದಲ್ಲಿ ತಲೆಹಾಕಿದಂತೆ ಎಂಬ ಅರ್ಥ ಅದಕ್ಕೆ ಬಂತು. 2012ರ ಆಸಿಯಾನ್ ಮಾನವ ಹಕ್ಕುಗಳ ಘೋಷಣೆ ಆಶ್ರಯ ಕೋರುವ ಹಕ್ಕನ್ನು ಒಪ್ಪಿದರೂ ಅದನ್ನು ಆಯಾ ದೇಶದ ಕಾನೂನಿಗೆ ಅಧೀನ ಮಾಡಿತು. ಆ ಕಾನೂನೇ ಇಲ್ಲದ ದೇಶದಲ್ಲಿ ಘೋಷಣೆಯಿಂದ ಪ್ರಯೋಜನವಿಲ್ಲ. ಎರಡನೆಯ ಕಾರಣ ನೇರ ಕೊಡುಕೊಳ್ಳುವಿಕೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2024ರ ಮೇ ತಿಂಗಳ ವರದಿಯಲ್ಲಿ, ಸೇನಾ ಕ್ರಾಂತಿಯ ನಂತರ 2023ರವರೆಗೆ ಥಾಯ್ಲೆಂಡಿನಲ್ಲಿ ವಿದೇಶಿ ಭಿನ್ನಮತೀಯರ ಮೇಲೆ ನಡೆದ ಅಪಹರಣ, ದಾಳಿ, ಬಲವಂತದ ವಾಪಸಾತಿಗಳ 25 ಪ್ರಕರಣಗಳನ್ನು ದಾಖಲಿಸಿ, ಇದೊಂದು ವಿನಿಮಯದ ಸಂತೆಯಾಗಿದೆ ಎಂದಿತು. ಲಿಖಿತ ಒಪ್ಪಂದ ಯಾವುದೂ ಬಹಿರಂಗವಾಗಿಲ್ಲ. ಆದರೆ ಒಂದೇ ಕಾಲದಲ್ಲಿ ಎರಡೂ ಕಡೆ ಒಂದೇ ಬಗೆಯ ಕಣ್ಮರೆಗಳು ನಡೆದದ್ದು, ಎರಡೂ ಕಡೆಯ ತನಿಖೆಗಳು ಒಂದೇ ಬಗೆಯಲ್ಲಿ ನಿಂತುಹೋದದ್ದು ಆಕಸ್ಮಿಕವಾಗಿರಲು ಸಾಧ್ಯವಿಲ್ಲ.

ಮೂರನೆಯ ಕಾರಣ ಚೀನಾದ ಒತ್ತಡ. ಹಾಂಗ್‌ಕಾಂಗ್‌ನ ಪುಸ್ತಕ ಪ್ರಕಾಶಕ, ಸ್ವೀಡನ್ ಪ್ರಜೆ ಗುಯ್ ಮಿನ್‌ಹಾಯ್ 2015ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿರುವ ತಮ್ಮ ಮನೆಯಿಂದ ಕಾಣೆಯಾಗಿ ಚೀನಾದ ಬಂಧನದಲ್ಲಿ ಪತ್ತೆಯಾದರು. 2025ರ ಫೆಬ್ರವರಿ 27ರ ನಸುಕಿನಲ್ಲಿ, ಬ್ಯಾಂಕಾಕ್‌ನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಬಂಧನದಲ್ಲಿದ್ದ 40 ಉಯ್ಗುರರನ್ನು ಕಿಟಕಿ ಮುಚ್ಚಿದ ವಾಹನಗಳಲ್ಲಿ ವಿಮಾನ ನಿಲ್ದಾಣಕ್ಕೆ ಸಾಗಿಸಿ ಚೀನಾಕ್ಕೆ ಕಳಿಸಲಾಯಿತು. ಹಾಗೆ ಮಾಡಬೇಡಿ ಎಂದು ವಿಶ್ವಸಂಸ್ಥೆಯ ತಜ್ಞರು ವಾರಗಳ ಹಿಂದೆಯೇ ಕೋರಿದ್ದರು. ಬೇರೆ ದೇಶಗಳು ಅವರಿಗೆ ನೆಲೆ ಕೊಡಲು ಸಿದ್ಧವಿದ್ದವು.

ಉಳಿದುಕೊಂಡವರೂ ಇದ್ದಾರೆ. ಬಹರೇನ್‌ನ ಫುಟ್ಬಾಲ್ ಆಟಗಾರ ಹಕೀಂ ಅಲ್ ಅರೈಬಿ ಆಸ್ಟ್ರೇಲಿಯಾದಲ್ಲಿ ಆಶ್ರಯ ಪಡೆದಿದ್ದವರು. 2018ರ ನವೆಂಬರ್‌ನಲ್ಲಿ ಮಧುಚಂದ್ರಕ್ಕೆಂದು ಬ್ಯಾಂಕಾಕ್‌ಗೆ ಬಂದಿಳಿದಾಗ ಇಂಟರ್‌ಪೋಲ್ ನೋಟಿಸಿನ ಆಧಾರದ ಮೇಲೆ ಬಂಧಿತರಾದರು. ಆಸ್ಟ್ರೇಲಿಯಾ ಸರ್ಕಾರ, ಫುಟ್ಬಾಲ್ ಸಂಘಟನೆಗಳು, ಜಗತ್ತಿನ ಪತ್ರಿಕೆಗಳು ಒಟ್ಟಾಗಿ ಒತ್ತಡ ಹಾಕಿ 2019ರ ಫೆಬ್ರವರಿಯಲ್ಲಿ ಅವರನ್ನು ಬಿಡಿಸಿದವು. ಮನೆಯವರಿಂದ ತಪ್ಪಿಸಿಕೊಂಡು ಬಂದಿದ್ದ ಸೌದಿ ಯುವತಿ ರಹಾಫ್ 2019ರ ಜನವರಿಯಲ್ಲಿ ಬ್ಯಾಂಕಾಕ್‌ನ ವಿಮಾನ ನಿಲ್ದಾಣದ ಹೋಟೆಲ್ ಕೋಣೆಯ ಬಾಗಿಲು ಹಾಕಿಕೊಂಡು, ಟ್ವಿಟರ್‌ನಲ್ಲಿ ಮೊರೆಯಿಟ್ಟು, ಒಂದೇ ವಾರದಲ್ಲಿ ಕೆನಡಾ ತಲುಪಿದರು. ಲಾವೋಸ್‌ನಲ್ಲಿ ಜೀವಭಯದಲ್ಲಿದ್ದ ಫೈಯೆನ್ ಎಂಬ ಥಾಯ್ ಗಾಯಕರ ತಂಡ 2019ರಲ್ಲಿ ಫ್ರಾನ್ಸ್ ಸೇರಿತು. ಈ ಮೂರೂ ಪ್ರಸಂಗಗಳಲ್ಲಿ ಸಾಮಾನ್ಯವಾದದ್ದು ಎರಡು ಸಂಗತಿ: ಸುದ್ದಿ ಬೇಗ ಹೊರಬಿತ್ತು, ಮತ್ತು ಮೂರನೆಯ ದೇಶವೊಂದು ತಡಮಾಡದೆ ಬಾಗಿಲು ತೆರೆಯಿತು. ಓದ್ ಸಯಾವೋಂಗ್ ಅವರಿಗೆ ಈ ಎರಡೂ ಸಿಗಲಿಲ್ಲ. ಯಾರ ಹೆಸರು ಪತ್ರಿಕೆಯಲ್ಲಿ ಬರುತ್ತದೋ ಅವರಷ್ಟೇ ಬದುಕುವುದಾದರೆ ಅದನ್ನು ಕಾನೂನಿನ ರಕ್ಷಣೆ ಎನ್ನಲಾಗದು.

ದೇಶ ಬಿಟ್ಟವರನ್ನು ಬೇಟೆಯಾಡುವುದು ಏಷ್ಯಾದಲ್ಲಿ ಹುಟ್ಟಿದ ಪದ್ಧತಿಯಲ್ಲ. 1975ರ ನವೆಂಬರ್‌ನಲ್ಲಿ ಚಿಲಿ, ಅರ್ಜೆಂಟೀನಾ, ಉರುಗ್ವೆ, ಪರಗ್ವೆ, ಬೊಲಿವಿಯಾಗಳ ಗುಪ್ತಚರರು ಸ್ಯಾಂಟಿಯಾಗೊದಲ್ಲಿ ಸೇರಿ ಕಾಂಡೋರ್ ಕಾರ್ಯಾಚರಣೆಯನ್ನು ರೂಪಿಸಿದರು. ಒಬ್ಬರ ವಿರೋಧಿಗಳನ್ನು ಇನ್ನೊಬ್ಬರು ಹಿಡಿದುಕೊಡುವ, ಕೊಲ್ಲುವ ಏರ್ಪಾಟು ಅದು. 2016ರಲ್ಲಿ ಬ್ಯೂನಸ್ ಐರಿಸ್‌ನ ನ್ಯಾಯಾಲಯ ಅದನ್ನು ಅಪರಾಧದ ಒಳಸಂಚು ಎಂದು ತೀರ್ಮಾನಿಸಿ ಮುಪ್ಪಿನ ವಯಸ್ಸಿನ ಸೇನಾಧಿಕಾರಿಗಳಿಗೆ ಶಿಕ್ಷೆ ವಿಧಿಸಿತು. ನ್ಯಾಯ ಸಿಗಲು ನಾಲ್ಕು ದಶಕ ಹಿಡಿಯಿತು.

ಥಾಯ್ಲೆಂಡಿನಲ್ಲಿ ಕಾನೂನು ಈಗ ಮೊದಲಿಗಿಂತ ಗಟ್ಟಿಯಾಗಿದೆ. 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಚಿತ್ರಹಿಂಸೆ ಮತ್ತು ಬಲವಂತದ ಕಣ್ಮರೆ ತಡೆ ಕಾಯ್ದೆಯ 13ನೇ ವಿಧಿ, ಅಪಾಯವಿರುವ ದೇಶಕ್ಕೆ ಯಾರನ್ನೂ ಕಳಿಸಬಾರದೆಂದು ನೇರವಾಗಿ ನಿಷೇಧಿಸುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಕ್ಷಣೆಗೆ ಅರ್ಹರನ್ನು ಗುರುತಿಸುವ ರಾಷ್ಟ್ರೀಯ ಪರಿಶೀಲನಾ ವ್ಯವಸ್ಥೆಯೂ ಜಾರಿಗೆ ಬಂತು. 2024ರಲ್ಲಿ ಬಲವಂತದ ಕಣ್ಮರೆಯ ವಿರುದ್ಧದ ಅಂತಾರಾಷ್ಟ್ರೀಯ ಒಪ್ಪಂದವನ್ನು ದೇಶ ಅನುಮೋದಿಸಿತು. ಆರು ಮಂದಿ ಕಾಂಬೋಡಿಯನ್ನರನ್ನೂ 40 ಉಯ್ಗುರರನ್ನೂ ಒಪ್ಪಿಸಿದ್ದು ಇವೆಲ್ಲ ಜಾರಿಗೆ ಬಂದ ಮೇಲೆ. ಕಾಯ್ದೆಯನ್ನು ಮುರಿದ ಅಧಿಕಾರಿಗೆ ಏನೂ ಆಗದಿದ್ದರೆ ಆ ವಿಧಿ ಇದ್ದೂ ಇಲ್ಲದಂತೆ.

2025ರ ಜನವರಿ 7ರಂದು ಸಿಎನ್‌ಆರ್‌ಪಿಯ ಮಾಜಿ ಸಂಸದ ಲಿಮ್ ಕಿಮ್ಯಾ ಕಾಂಬೋಡಿಯಾದಿಂದ ಬಸ್ಸಿನಲ್ಲಿ ಬ್ಯಾಂಕಾಕ್‌ಗೆ ಬಂದಿಳಿದ ಸ್ವಲ್ಪ ಹೊತ್ತಿನಲ್ಲೇ, ಹೆಂಡತಿಯ ಕಣ್ಣೆದುರು, ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದ ಮಾಜಿ ಥಾಯ್ ನೌಕಾಯೋಧ ಗಡಿ ದಾಟಿ ಕಾಂಬೋಡಿಯಾಕ್ಕೆ ಓಡಿದ. ಅವನನ್ನು ಹಿಡಿದು ವಾರದೊಳಗೆ ಬ್ಯಾಂಕಾಕ್‌ಗೆ ಮರಳಿಸಲಾಯಿತು. ಗಡಿಯಾಚೆಯ ಅಪರಾಧಿಯನ್ನು ಹುಡುಕಿ, ಗುರುತಿಸಿ, ಒಪ್ಪಿಸುವ ಶಕ್ತಿ ಎರಡೂ ದೇಶಗಳ ಪೊಲೀಸರಿಗಿದೆ ಎಂಬುದು ಅಲ್ಲಿಗೆ ಸಾಬೀತಾಯಿತು. ವಂಚಲೆರ್ಮ್ ಅವರನ್ನು ಹೊತ್ತೊಯ್ದ ಕಾರನ್ನು ಹುಡುಕಲು ಅದೇ ಪೊಲೀಸರಿಗೆ ಆಗಿಲ್ಲ.

ಆ ವರ್ಷದ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿ ವಿವಾದಕ್ಕಾಗಿ ಐದು ದಿನ ಯುದ್ಧ ಮಾಡಿದವು. ಕೆಲವೇ ತಿಂಗಳ ಹಿಂದೆ ಒಬ್ಬರಿಗೊಬ್ಬರು ಭಿನ್ನಮತೀಯರನ್ನು ಒಪ್ಪಿಸುವಷ್ಟು ಸಲುಗೆಯಿದ್ದ ಸರ್ಕಾರಗಳವು. ನಾಯಕರ ಸ್ನೇಹ ಮುರಿದುಬಿತ್ತು. ಆದರೆ ಆ ಸ್ನೇಹದ ಕಾಲದಲ್ಲಿ ಒಪ್ಪಿಸಲ್ಪಟ್ಟವರ ಬದುಕಿಗೆ ಆದ ಹಾನಿ ಸರಿಹೋಗಲಿಲ್ಲ.

ಬಲವಂತದ ಕಣ್ಮರೆಯ ವಿರುದ್ಧದ ಒಪ್ಪಂದಕ್ಕೆ ಕಾಂಬೋಡಿಯಾ 2013ರಲ್ಲೇ ಸೇರಿದೆ, ಥಾಯ್ಲೆಂಡ್ 2024ರಲ್ಲಿ. ಲಾವೋಸ್ ಸಹಿ ಹಾಕಿ ಅನುಮೋದಿಸದೆ ಉಳಿದಿದೆ, ವಿಯೆಟ್ನಾಂ ಸಹಿಯನ್ನೇ ಹಾಕಿಲ್ಲ. ಆ ಒಪ್ಪಂದದ ಪ್ರಕಾರ ಕಣ್ಮರೆ ಒಂದು ದಿನಕ್ಕೆ ಮುಗಿಯುವ ಅಪರಾಧವಲ್ಲ. ಕಾಣೆಯಾದವರಿಗೆ ಏನಾಯಿತೆಂದು ತಿಳಿಯುವವರೆಗೆ ಅದು ಮುಂದುವರಿಯುತ್ತದೆ, ಹುಡುಕುವ ಹೊಣೆಯೂ ಅಷ್ಟೇ ಕಾಲ ಸರ್ಕಾರದ ಮೇಲಿರುತ್ತದೆ. ವಂಚಲೆರ್ಮ್ ಅವರ ವಿಷಯದಲ್ಲಿ ಈ ಹೊಣೆ ನೋಮ್ ಪೆನ್ ಮತ್ತು ಬ್ಯಾಂಕಾಕ್ ಎರಡರ ಮೇಲೂ ಇದೆ.